ಮನೆಯ ಮೊಲಕ್ಕೆ ನೀರು ಬೇಡವೇ?

ಕಳೆದ ಏಪ್ರಿಲ್ ತಿಂಗಳ ಒಂದು ಸಂಜೆ. ರಕ್ತದೊತ್ತಡ ತೋರಿಸಿಕೊಳ್ಳಲು ಬಂದಿದ್ದ ಹೈಸ್ಕೂಲು ಮಾಸ್ತರರೊಬ್ಬರು ಎದ್ದು ಹೊರಡುವ ಮುನ್ನ ಸಂಕೋಚದಿಂದಲೇ ಕೇಳಿದರು: "ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ಮಗಳ ಮೊಲ ನಿನ್ನೆಯಿಂದ ಏನೂ ತಿಂತಾ ಇಲ್ಲ. ಚಿಕ್ಕವನಿಗೆ ಕೆಮ್ಮಿಗೆ ನೀವು ಬರ್ಕೊಟ್ಟಿದ್ದ ಆ್ಯಂಟಿಬಯಾಟಿಕ್ ಸಿರಪ್ ಸ್ವಲ್ಪ ಉಳಿದಿದೆ. ಎರಡು ಹನಿ ಹಾಕಬಹುದಾ?"

ಹೊರಗೆ ಇನ್ನೂ ಹತ್ತು ಜನ ಕಾಯುತ್ತಿದ್ದರು. "ಎರಡು ಹನಿಯಿಂದ ಏನೂ ಆಗಲ್ಲ, ಹಾಕಿ ನೋಡಿ" ಎಂದುಬಿಟ್ಟೆ. ಆಗ ಅವರ ಪಕ್ಕದಲ್ಲಿ ನಿಂತಿದ್ದ ಒಂಬತ್ತು ವರ್ಷದ ಮಗಳು ತಲೆ ತಗ್ಗಿಸಿ ಕೇಳಿದಳು: "ಡಾಕ್ಟರ್, ನೀರು ಕೊಟ್ರೆ ಮೊಲ ಸತ್ತುಹೋಗುತ್ತಾ?"

ವಿಷಯ ಆಮೇಲೆ ತಿಳಿಯಿತು. ಅವರು ಸಂತೆಯಲ್ಲಿ ಕೊಂಡದ್ದು ಒಂದು ಜೊತೆ ಮೊಲ. ಮಾರುವವನು "ಇವಕ್ಕೆ ನೀರು ಮಾತ್ರ ಕೊಡಬೇಡಿ, ಭೇದಿಯಾಗಿ ಸಾಯುತ್ತವೆ" ಎಂದು ಹೇಳಿ ಕಳಿಸಿದ್ದ. ಹಿಂದಿನ ವಾರ ಒಂದು ಮೊಲ ಮಂಕಾಗಿ ಮೂಲೆ ಹಿಡಿಯಿತು. ಅದಕ್ಕೆ ಬಾಯಾರಿಕೆ ಆಗಿರಬಹುದೆಂದು ಹುಡುಗಿ ಯಾರಿಗೂ ತಿಳಿಯದಂತೆ ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ಒಂದಿಷ್ಟು ನೀರಿಟ್ಟಳು. ಮೊಲ ಅದನ್ನು ಕುಡಿಯಿತು. ಮರುದಿನ ಬೆಳಿಗ್ಗೆ ಸತ್ತಿತ್ತು. ಮಗು ಒಂದು ವಾರದಿಂದ ಆ ಸಾವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು ತಿರುಗುತ್ತಿತ್ತು.

ಅವಳ ಪ್ರಶ್ನೆಗೆ ಆ ಹೊತ್ತಿನಲ್ಲಿ ನನ್ನಲ್ಲಿ ಖಚಿತವಾದ ಉತ್ತರವಿರಲಿಲ್ಲ. ನಾನು ಮನುಷ್ಯರ ವೈದ್ಯ. ಅವರು ಹೋದ ಮೇಲೆ ಮನಸ್ಸು ತಡೆಯದೆ, ಪಿಯುಸಿಯಲ್ಲಿ ನನ್ನ ಜೊತೆ ಓದಿ ಪಶುವೈದ್ಯನಾದ ಗೆಳೆಯನಿಗೆ ಫೋನ್ ಮಾಡಿದೆ. ಸಿರಪ್ಪಿನ ಹೆಸರು ಹೇಳುತ್ತಿದ್ದಂತೆ ಅವನು ಕೂಗಿಕೊಂಡ: "ಮಾರಾಯ, ಮೊದಲು ಆ ಬಾಟಲಿ ನಿಲ್ಲಿಸು. ಆಮೇಲೆ ಮಿಕ್ಕ ಮಾತು!" ಮಾಸ್ತರರಿಗೆ ಫೋನ್ ಮಾಡಿದಾಗ ಅವರು ಬಾಟಲಿಯನ್ನು ಅಲ್ಲಾಡಿಸಿ ಮುಚ್ಚಳ ತೆಗೆಯುತ್ತಿದ್ದರು.

ಆ ರಾತ್ರಿ ಗೆಳೆಯ ಹೇಳಿಕೊಟ್ಟದ್ದನ್ನೂ ಅನಂತರ ನಾನು ಓದಿ ತಿಳಿದದ್ದನ್ನೂ ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ. ಇತ್ತೀಚೆಗೆ ಪೇಟೆಯ ಎಷ್ಟೋ ಮನೆಗಳಲ್ಲಿ ಮಕ್ಕಳ ಒತ್ತಾಯಕ್ಕೆ ಮೊಲ ಬಂದು ಸೇರಿದೆ. ಅವುಗಳ ಜೊತೆಗೆ ಈ ತಪ್ಪು ನಂಬಿಕೆಯೂ ಬಂದಿದೆ.

ನಂಬಿಕೆ ಬಂದದ್ದು ಹೇಗೆ?

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂಬ ಗಾದೆ ಎಲ್ಲರಿಗೂ ಗೊತ್ತು. ಮೊಲಕ್ಕೆ ನೀರು ಬೇಡ ಎನ್ನುವವರ ವಾದವೂ ಹೆಚ್ಚುಕಡಿಮೆ ಹಾಗೆಯೇ. ಆದರೂ ಈ ನಂಬಿಕೆಯ ಹಿಂದೆ ಒಂದು ಅರ್ಧಸತ್ಯ ಇದೆ. ಬಯಲಿನಲ್ಲಿ ಇಬ್ಬನಿ ತುಂಬಿದ ಹಸಿರು ಹುಲ್ಲು ಮೇಯುವ ಪ್ರಾಣಿಗೆ ಮೇವಿನಲ್ಲಿಯೇ ಬಹಳಷ್ಟು ನೀರು ದೊರೆಯುತ್ತದೆ. ಅದು ನೀರು ಕುಡಿಯುವುದನ್ನು ನಾವು ಕಾಣುವುದೇ ಅಪರೂಪ. ಹಾಗೆಯೇ, ಕೊಳೆತ ಅಥವಾ ಹಳಸಿದ ಸೊಪ್ಪು ತಿಂದ ಮರಿಗಳಿಗೆ ಭೇದಿಯಾಗುತ್ತದೆ. ಆ ಸೊಪ್ಪು ಒದ್ದೆಯಾಗಿದ್ದರೆ ತಪ್ಪು ನೀರಿನ ಮೇಲೆ ಬೀಳುತ್ತದೆ.

ಮನೆಯಲ್ಲಿ ಸಾಕುವ ಮೊಲ ನಮ್ಮ ಕಾಡಿನ ಮೊಲವಲ್ಲ ಎಂಬುದನ್ನೂ ತಿಳಿದಿರಬೇಕು. ಅದರ ಪೂರ್ವಜರು ಸ್ಪೇನ್ ಮತ್ತು ಪೋರ್ಚುಗಲ್ ಕಡೆಯವು. ಅವು ಬಿಲ ತೋಡಿ ತಂಪಿನಲ್ಲಿ ವಾಸಿಸುವ ಪ್ರಾಣಿಗಳು. ನಮ್ಮ ಹೊಲಗದ್ದೆಗಳಲ್ಲಿ ಕಾಣುವ ಮೊಲವೇ ಬೇರೆ ಜಾತಿ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಅದನ್ನು ಹಿಡಿದು ಸಾಕುವಂತಿಲ್ಲ. ಸಾಕುಮೊಲವನ್ನು ತಾರಸಿಯ ಪಂಜರದಲ್ಲಿಟ್ಟು, ಒಣ ತಿಂಡಿ ಹಾಕಿ, ನೀರನ್ನೂ ಕೊಡದಿದ್ದರೆ ಅದು ಬದುಕುವುದಾದರೂ ಹೇಗೆ?

ದಿನಕ್ಕೆ ಎಷ್ಟು ನೀರು?

ಆರೋಗ್ಯವಂತ ಮೊಲವು ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ಸುಮಾರು 50ರಿಂದ 150 ಮಿಲಿಲೀಟರ್ ನೀರು ಕುಡಿಯುತ್ತದೆ. ಅಂದರೆ 2 ಕಿಲೋ ತೂಕದ ಮೊಲಕ್ಕೆ 100ರಿಂದ 300 ಮಿ.ಲೀ. ಕಿಲೋಗೆ 100 ಮಿ.ಲೀ. ಎಂದು ಹಿಡಿದು ಲೆಕ್ಕ ಹಾಕಿದರೆ, 60 ಕಿಲೋ ತೂಕದ ಮನುಷ್ಯ ದಿನಕ್ಕೆ 6 ಲೀಟರ್ ನೀರು ಕುಡಿದಂತಾಯಿತು! ತೂಕಕ್ಕೆ ಹೋಲಿಸಿದರೆ ಮೊಲ ನಮಗಿಂತ ಎಷ್ಟೋ ಹೆಚ್ಚು ನೀರು ಬೇಡುವ ಪ್ರಾಣಿ.

50 ಎಲ್ಲಿ, 150 ಎಲ್ಲಿ ಎಂದು ನೀವು ಕೇಳಬಹುದು. ವ್ಯತ್ಯಾಸಕ್ಕೆ ಕಾರಣ ಮೇವು ಮತ್ತು ಹವೆ. ಹಸಿ ಸೊಪ್ಪು, ಹಸಿ ಹುಲ್ಲು ಹೆಚ್ಚಾಗಿ ತಿಂದ ದಿನ ಮೊಲ ಕಡಿಮೆ ಕುಡಿಯುತ್ತದೆ. ಒಣಹುಲ್ಲು, ಅಂಗಡಿಯ ಒಣ ತಿಂಡಿ ತಿಂದ ದಿನ ಹೆಚ್ಚು ಕುಡಿಯುತ್ತದೆ. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಹಾಲೂಡಿಸುವ ತಾಯಿಮೊಲಕ್ಕೆ ಎಲ್ಲಕ್ಕಿಂತ ಹೆಚ್ಚು ಬೇಕು. ಆದ್ದರಿಂದ ಪುಸ್ತಕದ ಅಂಕಿಗಿಂತ ನಿಮ್ಮ ಮನೆಯ ಮೊಲದ ದಿನನಿತ್ಯದ ಅಳತೆ ಏನು ಎಂಬುದೇ ಮುಖ್ಯ. ಅದು ಗೊತ್ತಿದ್ದರೆ ಮಾತ್ರ ಏರುಪೇರು ಗಮನಕ್ಕೆ ಬರುತ್ತದೆ.

ಅಳೆಯುವ ವಿಧಾನ

ಇದನ್ನು ಮಕ್ಕಳಿಗೇ ಒಪ್ಪಿಸಬಹುದು. ಮಿ.ಲೀ. ಗುರುತಿರುವ ಹಳೆಯ ಹಾಲಿನ ಬಾಟಲಿಯಿಂದ 500 ಮಿ.ಲೀ. ನೀರನ್ನು ಅಳೆದು ಬೆಳಿಗ್ಗೆ ಬಟ್ಟಲಿಗೆ ಹಾಕಿ. ಅಂಥದೇ ಇನ್ನೊಂದು ಬಟ್ಟಲಿಗೂ ಅಷ್ಟೇ ನೀರು ಹಾಕಿ, ಮೊಲಕ್ಕೆ ಎಟುಕದಂತೆ ಪಕ್ಕದಲ್ಲಿಡಿ. ಮರುದಿನ ಅದೇ ಹೊತ್ತಿಗೆ ಎರಡನ್ನೂ ಅಳೆಯಿರಿ. ಮೊಲದ ಬಟ್ಟಲಿನಲ್ಲಿ 310 ಮಿ.ಲೀ. ಉಳಿದಿದ್ದರೆ ಕಡಿಮೆಯಾದದ್ದು 190. ಪಕ್ಕದ ಬಟ್ಟಲಿನಲ್ಲಿ 30 ಮಿ.ಲೀ. ಆವಿಯಾಗಿದ್ದರೆ ಅದನ್ನು ಕಳೆಯಿರಿ. ಮೊಲ ಕುಡಿದದ್ದು 160. ಅದರ ತೂಕ 1.6 ಕಿಲೋ ಇದ್ದರೆ ಕಿಲೋಗೆ 100 ಮಿ.ಲೀ. ಆಯಿತು. ಹೀಗೆ ಮೂರು ದಿನ ಅಳೆದು ಸರಾಸರಿ ತೆಗೆದು ಬರೆದಿಡಿ.

ಒಂದೇ ಗೂಡಿನಲ್ಲಿ ಎರಡು ಮೊಲಗಳಿದ್ದರೆ ಯಾವುದು ಎಷ್ಟು ಕುಡಿಯಿತೆಂದು ತಿಳಿಯದು. ಅನುಮಾನ ಬಂದಾಗ, ಒಂದಕ್ಕೊಂದು ಕಾಣುವಂತೆ ನಡುವೆ ಜಾಲರಿಯಿಟ್ಟು ಒಂದು ದಿನ ಬೇರೆ ಬೇರೆಯಾಗಿ ಅಳೆಯಬೇಕು.

ಬಟ್ಟಲೋ, ಬಾಟಲಿಯೋ?

ಪಂಜರಕ್ಕೆ ತೂಗುಹಾಕುವ, ಕೊಳವೆಯ ತುದಿಯಲ್ಲಿ ಪುಟ್ಟ ಗುಂಡು ಇರುವ ನೀರಿನ ಬಾಟಲಿಗಳು ಅಂಗಡಿಗಳಲ್ಲಿ ಸಿಗುತ್ತವೆ. ನೀರು ಚೆಲ್ಲುವುದಿಲ್ಲ, ಕಸ ಬೀಳುವುದಿಲ್ಲ ಎಂಬುದು ಅವುಗಳ ಅನುಕೂಲ. ಆದರೆ ಸ್ವಿಟ್ಜರ್ಲೆಂಡಿನ ಜೂರಿಕ್‌ನ ಸಂಶೋಧಕರು ಎರಡನ್ನೂ ಮುಂದಿಟ್ಟು ನೋಡಿ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮೊಲಗಳು ಹೆಚ್ಚಾಗಿ ಒಲಿದದ್ದು ತೆರೆದ ಬಟ್ಟಲಿಗೆ. ತಲೆ ತಗ್ಗಿಸಿ ಕುಡಿಯುವುದೇ ಅವುಗಳ ಸಹಜ ರೀತಿ.

ಬಾಟಲಿಯಲ್ಲಿ ಇನ್ನೊಂದು ಅಪಾಯವಿದೆ. ತುದಿಯ ಗುಂಡು ಅಂಟಿಕೊಂಡರೆ ನೀರು ಹೊರಬರುವುದಿಲ್ಲ. ಬಾಟಲಿ ತುಂಬಿಯೇ ಕಾಣುತ್ತದೆ, ಮನೆಯವರು ನೀರಿದೆಯೆಂದು ನಿಶ್ಚಿಂತರಾಗಿರುತ್ತಾರೆ. ನೀರು ಇರುವುದು ಬೇರೆ, ಮೊಲ ಅದನ್ನು ಕುಡಿದಿರುವುದು ಬೇರೆ. ಬಾಟಲಿಯನ್ನೇ ಬಳಸುವವರು ದಿನವೂ ಗುಂಡನ್ನು ಬೆರಳಿನಿಂದ ಒತ್ತಿ ಹನಿ ಬೀಳುವುದನ್ನು ಪರೀಕ್ಷಿಸಿ. ಜೊತೆಗೆ ಸುಲಭವಾಗಿ ಮಗುಚದ, ಭಾರವಾದ ಮಣ್ಣಿನ ಅಥವಾ ಪಿಂಗಾಣಿ ಬಟ್ಟಲೊಂದನ್ನೂ ಇಡಿ. ದಿನವೂ ತೊಳೆದು ಹೊಸ ನೀರು ಹಾಕಿ. ಗ್ಲೂಕೋಸ್ ಪುಡಿ, ಸಕ್ಕರೆ, ಬೆಲ್ಲ ಯಾವುದನ್ನೂ ಬೆರೆಸಬೇಡಿ, ನಾವು ಕುಡಿಯುವ ಶುದ್ಧ ನೀರೇ ಸಾಕು.

ನೀರಿಗೂ ಹೊಟ್ಟೆಗೂ ಇರುವ ನಂಟು

ಮೊಲದ ಹೊಟ್ಟೆ ಸದಾ ನಡೆಯುತ್ತಿರಬೇಕಾದ ಗಿರಣಿಯಿದ್ದಂತೆ. ಹುಲ್ಲಿನ ನಾರು ಅದರ ದೊಡ್ಡ ಕುರುಡುಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳಿಂದ ಹುದುಗಿ ಆಹಾರವಾಗುತ್ತದೆ. ಈ ಕೆಲಸಕ್ಕೆ ನೀರು ಬೇಕೇ ಬೇಕು. ನೀರು ಕಡಿಮೆಯಾದರೆ ಮೊಲ ಮೇವನ್ನೂ ಕಡಿಮೆ ಮಾಡುತ್ತದೆ. ಹೊಟ್ಟೆಯೊಳಗಿನದು ಗಟ್ಟಿಯಾಗಿ ಕರುಳಿನ ಚಲನೆ ನಿಧಾನವಾಗುತ್ತದೆ. ವಾಯು ತುಂಬಿ ನೋವು ಹುಟ್ಟುತ್ತದೆ. ನೋವಿನಿಂದ ಮೊಲ ತಿನ್ನುವುದನ್ನೇ ಬಿಡುತ್ತದೆ. ತಿನ್ನದಿದ್ದರೆ ಕರುಳು ಪೂರ್ತಿ ನಿಲ್ಲುತ್ತದೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೂ ಇಲ್ಲ.

ಆದ್ದರಿಂದ 12 ಗಂಟೆ ಕಾಲ ಮೊಲ ಏನೂ ತಿನ್ನದಿದ್ದರೆ ಅಥವಾ ಹಿಕ್ಕೆ ಹಾಕದಿದ್ದರೆ ಅದು ತುರ್ತು ಪರಿಸ್ಥಿತಿ. ನಾಳೆ ನೋಡೋಣ ಎಂಬ ಮಾತು ಬೇಡ. ಬೆನ್ನು ಗೂನು ಮಾಡಿ ಕೂರುವುದು, ಹಲ್ಲು ಕಡಿಯುವುದು, ಹಿಕ್ಕೆ ಸಣ್ಣದಾಗಿ ಗಟ್ಟಿಯಾಗುವುದು ಇವೆಲ್ಲ ಮುನ್ಸೂಚನೆಗಳು. ಬೇಟೆಗೆ ಬೀಳುವ ಪ್ರಾಣಿಯಾದ್ದರಿಂದ ಮೊಲ ತನ್ನ ನೋವನ್ನು ಬಚ್ಚಿಡುತ್ತದೆ. ನಮಗೆ ಕಾಣುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ.

ಕುಡಿಯುವುದು ಕಡಿಮೆಯಾದರೆ

ಮೊದಲು ಬಟ್ಟಲು, ಬಾಟಲಿ ಸರಿಯಾಗಿವೆಯೇ ನೋಡಿ. ಹಸಿ ಸೊಪ್ಪು ಹೆಚ್ಚು ಹಾಕಿದ್ದೀರಾ ಯೋಚಿಸಿ. ಎರಡೂ ಕಾರಣವಲ್ಲವಾದರೆ ಹಲ್ಲಿನ ಕಡೆ ಗಮನ ಹೋಗಬೇಕು. ಮೊಲದ ಹಲ್ಲುಗಳು ಜೀವನಪೂರ್ತಿ ಬೆಳೆಯುತ್ತವೆ. ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ನಾರಿನ ಹುಲ್ಲು ಜಗಿದಾಗ ಅವು ಸವೆಯುತ್ತವೆ. ಬ್ರೆಡ್ಡು, ಬಿಸ್ಕತ್ತು, ಅನ್ನ ತಿಂದು ಬೆಳೆದ ಮೊಲಕ್ಕೆ ಹಲ್ಲು ಸವೆಯದೆ, ಚೂಪಾಗಿ ಬೆಳೆದು ನಾಲಗೆ, ಕೆನ್ನೆಗಳನ್ನು ಕೊರೆಯುತ್ತದೆ. ಗದ್ದ ಸದಾ ಒದ್ದೆಯಾಗಿದ್ದರೆ, ಜೊಲ್ಲು ಸುರಿಯುತ್ತಿದ್ದರೆ ಬಾಯಿ ತೋರಿಸಬೇಕು.

ಕುಡಿಯುವುದು ಹೆಚ್ಚಾದರೆ

ಮನುಷ್ಯರಲ್ಲಿ ಬಾಯಾರಿಕೆಯೂ ಮೂತ್ರವೂ ಹೆಚ್ಚಿತೆಂದರೆ ನಾವು ಮೊದಲು ಕೇಳುವುದು ಸಕ್ಕರೆ ಕಾಯಿಲೆಯ ಬಗ್ಗೆ. ಮೊಲಗಳಲ್ಲಿ ಸಕ್ಕರೆ ಕಾಯಿಲೆ ಅಪರೂಪ. ಅಲ್ಲಿ ಮೊದಲ ಅನುಮಾನ ಮೂತ್ರಪಿಂಡದ ಮೇಲೆ. ಮೊಲಗಳ ಮೂತ್ರಪಿಂಡಕ್ಕೂ ಮಿದುಳಿಗೂ ಹಾನಿ ಮಾಡುವ ಒಂದು ಸೂಕ್ಷ್ಮಜೀವಿ ಇದೆ. ಅದು ತಗಲಿದ ಕೆಲವು ಮೊಲಗಳು ಹೆಚ್ಚು ನೀರು ಕುಡಿಯುತ್ತವೆ, ಕೆಲವು ಕತ್ತನ್ನು ಒಂದು ಕಡೆಗೆ ವಾಲಿಸುತ್ತವೆ. ಯಕೃತ್ತಿನ ಕಾಯಿಲೆ, ನೋವು, ಒಂಟಿತನದ ಬೇಸರ ಇವೂ ಕಾರಣವಾಗಬಲ್ಲವು.

ಇಲ್ಲೊಂದು ವಿಚಿತ್ರವಿದೆ. ಮೇವು ಬಿಟ್ಟ ಮೊಲ ಕೆಲವೊಮ್ಮೆ ಎಂದಿಗಿಂತ ಹೆಚ್ಚು ನೀರು ಕುಡಿಯುತ್ತದೆ. "ತಿಂತಿಲ್ಲ, ಆದ್ರೆ ನೀರು ಚೆನ್ನಾಗಿ ಕುಡೀತಿದೆ, ಪರವಾಗಿಲ್ಲ" ಎಂದು ಸಮಾಧಾನಪಟ್ಟರೆ ಮೋಸಹೋಗುತ್ತೀರಿ. ಇನ್ನೊಂದು ಎಚ್ಚರಿಕೆ: ಹೆಚ್ಚು ಕುಡಿಯುತ್ತದೆಂದು ನೀರನ್ನು ಕಡಿತ ಮಾಡಲೇಬಾರದು. ಮೂತ್ರಪಿಂಡ ಸೋತ ಪ್ರಾಣಿಗೆ ನೀರು ತಪ್ಪಿಸುವುದು ಅದರ ಪ್ರಾಣಕ್ಕೇ ಕುತ್ತು.

ಮೂತ್ರ ಹೇಳುವ ಕಥೆ

ನಮ್ಮ ದೇಹ ತನಗೆ ಬೇಕಾದಷ್ಟು ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಮ್ಮನ್ನು, ಆಹಾರದಿಂದ ಹೀರಿಕೊಂಡು ಮಿಕ್ಕದ್ದನ್ನು ಹೆಚ್ಚಾಗಿ ಮಲದಲ್ಲಿ ಬಿಡುತ್ತದೆ. ಮೊಲದ ಕರುಳು ಸಿಕ್ಕಿದ್ದರಲ್ಲಿ ಬಹುಪಾಲನ್ನು ಹೀರಿಕೊಳ್ಳುತ್ತದೆ, ಮೂತ್ರಪಿಂಡ ಹೆಚ್ಚಾದದ್ದನ್ನು ಹೊರಹಾಕುತ್ತದೆ. ಆದ್ದರಿಂದ ಮೊಲದ ಮೂತ್ರ ತುಸು ಬಿಳಿಯಾಗಿ, ಕದಡಿದಂತೆ ಇರುವುದು ಸಹಜ. ಆದರೆ ನೀರು ಸಾಲದಿದ್ದರೆ ಈ ಸುಣ್ಣ ಮೂತ್ರಕೋಶದಲ್ಲಿ ಕೆಸರಿನಂತೆ ಕೂರುತ್ತದೆ, ಕಲ್ಲೂ ಆಗಬಹುದು. ಮೂತ್ರ ಗಂಜಿಯಂತೆ ಗಟ್ಟಿಯಾಗಿದ್ದರೆ, ಮೊಲ ತಿಣುಕುತ್ತಿದ್ದರೆ, ಹಿಂಭಾಗ ಸದಾ ಒದ್ದೆಯಾಗಿದ್ದರೆ ತಡಮಾಡಬೇಡಿ. ಕುದುರೆ ಮಸಾಲೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ಬೆಳೆಯುವ ಮರಿಗೆ ಅದು ಸರಿ, ದೊಡ್ಡ ಮೊಲಕ್ಕೆ ಅದೇ ಮುಖ್ಯ ಮೇವಾಗಬಾರದು.

ಇನ್ನು ಬಣ್ಣ. ಬೀಟ್‌ರೂಟ್ ತಿಂದ ಮರುದಿನ ಕೆಂಪು ಮೂತ್ರ ಕಂಡು ಗಾಬರಿಯಿಂದ ಓಡಿಬರುವ ರೋಗಿಗಳನ್ನು ನಾನು ಕಂಡಿದ್ದೇನೆ. ಮೊಲದ ಮೂತ್ರವೂ ಹಳದಿ, ಕಿತ್ತಳೆ, ಕೆಂಗಂದು ಬಣ್ಣಗಳಿಗೆ ತಿರುಗುವುದುಂಟು. ಹೆಚ್ಚಿನ ಸಲ ಅದು ಬರೀ ಬಣ್ಣ, ರಕ್ತವಲ್ಲ. ಆದರೆ ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ಮೂತ್ರ ಪರೀಕ್ಷೆಯ ಪಟ್ಟಿ ಅದ್ದಿದರೆ ಪಶುವೈದ್ಯರಿಗೆ ನಿಜ ತಿಳಿಯುತ್ತದೆ. ಸಂತಾನಹರಣ ಚಿಕಿತ್ಸೆ ಆಗದ ಹೆಣ್ಣು ಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಸಾಮಾನ್ಯ. ಅಲ್ಲಿ ಮೂತ್ರದೊಡನೆ ಬರುವುದು ರಕ್ತವೇ ಆಗಿರಬಹುದು.

ಬೇಸಿಗೆಯ ಎಚ್ಚರ

ಮೊಲ ನಮ್ಮಂತೆ ಬೆವರುವುದಿಲ್ಲ, ನಾಯಿಯಂತೆ ಚೆನ್ನಾಗಿ ತೇಕುವುದೂ ಇಲ್ಲ. ಅದು ಮೈಯ ಕಾವನ್ನು ಹೊರಹಾಕುವುದು ಮುಖ್ಯವಾಗಿ ಉದ್ದ ಕಿವಿಗಳ ಮೂಲಕ. ಹವೆ 30 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗಲೇ ಅದಕ್ಕೆ ಕಷ್ಟ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿ, ಬಳ್ಳಾರಿಯ ಓದುಗರು ಇದನ್ನು ವಿಶೇಷವಾಗಿ ಗಮನಿಸಬೇಕು. ತಗಡಿನ ಶೀಟಿನ ಕೆಳಗೆ, ತಾರಸಿಯ ಮೇಲೆ ಗೂಡು ಇಡಬೇಡಿ. ನೆರಳು, ಗಾಳಿ ಇರುವ ತಣ್ಣನೆಯ ನೆಲದ ಮೇಲಿಟ್ಟು, ಪಕ್ಕದಲ್ಲಿ ಒದ್ದೆ ಗೋಣಿತಾಟು ಇಳಿಬಿಡಿ. ಎರಡು ಕಡೆ ನೀರಿಡಿ.

ಬಾಯಿ ತೆರೆದು ಉಸಿರಾಡುತ್ತಾ, ಕಿವಿ ಬಿಸಿಯಾಗಿ, ಸೋತು ಮಲಗಿದ್ದರೆ ಬಿಸಿಲಿನ ಆಘಾತವೆಂದು ತಿಳಿಯಿರಿ. ನೆರಳಿಗೆ ತಂದು ತಣ್ಣೀರಿನಿಂದ ಕಿವಿಗಳನ್ನು ಒದ್ದೆ ಮಾಡಿ, ಗಾಳಿ ಹಾಕಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಬೇಡಿ. ಎಚ್ಚರ ತಪ್ಪುತ್ತಿರುವ ಮೊಲದ ಬಾಯಿಗೆ ನೀರು ಸುರಿಯಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣವೇ ಹೋಗುತ್ತದೆ.

ಮನೆಯ ಔಷಧಿ ಪೆಟ್ಟಿಗೆ ಮುಟ್ಟಬೇಡಿ

ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಮಾಸ್ತರರ ಮನೆಯಲ್ಲಿ ಉಳಿದಿದ್ದದ್ದು ಅಮಾಕ್ಸಿಸಿಲಿನ್. ಮಕ್ಕಳಿಗೆ ನಾವು ದಿನವೂ ಬರೆದುಕೊಡುವ ಔಷಧಿ ಅದು. ಆದರೆ ಅಮಾಕ್ಸಿಸಿಲಿನ್, ಆ್ಯಂಪಿಸಿಲಿನ್, ಕ್ಲಿಂಡಮೈಸಿನ್ ಮುಂತಾದವು ಮೊಲದ ಹೊಟ್ಟೆಗೆ ಹೋದರೆ ಕುರುಡುಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಆ ಜಾಗದಲ್ಲಿ ವಿಷಕಾರಿ ಬ್ಯಾಕ್ಟೀರಿಯಾಗಳು ಬೆಳೆದು, ಭೇದಿಯಾಗಿ ಮೊಲ ಸಾಯಬಹುದು. ಆಗ ಯಾರೂ ಸಿರಪ್ಪನ್ನು ದೂರುವುದಿಲ್ಲ, ಮತ್ತೆ ನೀರನ್ನೇ ದೂರುತ್ತಾರೆ! ಮನುಷ್ಯರಿಗೆ ಒಳ್ಳೆಯದು ಮೊಲಕ್ಕೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಂದಹಾಗೆ, ಪುಡಿಗೆ ನೀರು ಬೆರೆಸಿ ತಯಾರಿಸುವ ಇಂಥ ಸಿರಪ್ಪುಗಳು ಒಂದೆರಡು ವಾರಗಳಲ್ಲಿ ಸತ್ವ ಕಳೆದುಕೊಳ್ಳುತ್ತವೆ. ಉಳಿದದ್ದನ್ನು ಮಗುವಿಗೂ ಮತ್ತೆ ಕೊಡಬಾರದು.

ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಗೆ ಮೊದಲು ಹೋಗಿ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹೋಗುವಾಗ ನೀರಿನ ಅಳತೆ, ಮೇವು, ಕೊನೆಯ ಬಾರಿ ಹಿಕ್ಕೆ ಹಾಕಿದ ಹೊತ್ತು ಇವನ್ನು ಬರೆದುಕೊಂಡು ಹೋಗಿ. ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ.

ಮಾಸ್ತರರ ಮೊಲವನ್ನು ಮರುದಿನ ಬೆಳಿಗ್ಗೆ ನನ್ನ ಗೆಳೆಯನೇ ನೋಡಿದ. ಚರ್ಮದಡಿಗೆ ದ್ರವ ಕೊಟ್ಟು, ನೋವಿಗೆ ಔಷಧಿ ಕೊಟ್ಟು, ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ಆಹಾರ ಉಣಿಸಿದ. ಹೊಟ್ಟೆಯ ಆಪರೇಷನ್ ಆದ ರೋಗಿಗೆ ವಾಯು ಸರಿದರೆ ಸರ್ಜನ್ನರು ಎಷ್ಟು ಸಂತೋಷಪಡುತ್ತಾರೆಂದು ನಮ್ಮ ವೃತ್ತಿಯವರಿಗೆ ಗೊತ್ತು. ಮೂರನೆಯ ದಿನ ಮಾಸ್ತರರು "ಹಿಕ್ಕೆ ಹಾಕ್ತು ಡಾಕ್ಟ್ರೇ!" ಎಂದು ಫೋನ್ ಮಾಡಿದಾಗ ನನಗಾದದ್ದೂ ಅಂಥದೇ ಸಂತೋಷ.

ಹುಡುಗಿಯ ಪ್ರಶ್ನೆಗೆ ಅವಳನ್ನು ಕರೆಸಿಯೇ ಉತ್ತರ ಹೇಳಿದೆ. "ಮಗೂ, ಸತ್ತ ಮೊಲವನ್ನು ನಾನು ನೋಡಿಲ್ಲ. ಅದಕ್ಕೆ ಏನಾಗಿತ್ತೆಂದು ನಿಖರವಾಗಿ ಹೇಳಲಾರೆ. ಆದರೆ ಒಂದು ಮುಚ್ಚಳ ನೀರಿನಿಂದ ಅದು ಸಾಯಲಿಲ್ಲ. ಬಿಸಿಲಿನಲ್ಲಿ ನೀರಿಲ್ಲದೆ ಅದಕ್ಕೆ ಮೊದಲೇ ಕಾಯಿಲೆಯಾಗಿತ್ತು. ಆ ಮನೆಯಲ್ಲಿ ಅದಕ್ಕೆ ಬೇಕಾದ್ದನ್ನು ಕೊಟ್ಟವಳು ನೀನೊಬ್ಬಳೇ." ಅವಳು ಏನೂ ಹೇಳಲಿಲ್ಲ, ಅಪ್ಪನ ಕೈ ಹಿಡಿದುಕೊಂಡಳು. ಈಗ ಅವಳ ಬಳಿ ಒಂದು ನೋಟ್‌ಬುಕ್ಕಿದೆ. ಕಳೆದ ವಾರ ಅಪ್ಪನ ಜೊತೆ ಬಂದಾಗ ತೆರೆದು ತೋರಿಸಿದಳು. ಪ್ರತಿ ದಿನಾಂಕದ ಎದುರಿಗೂ ಒಂದು ಅಂಕಿ. ಕೊನೆಯ ಸಾಲಿನಲ್ಲಿ 140 ಮಿ.ಲೀ. ಎಂದಿತ್ತು.

ನೆನಪಿಡಿ

* ಮೊಲಕ್ಕೆ ಹಗಲೂ ರಾತ್ರಿ ಶುದ್ಧ ನೀರು ಎಟುಕುವಂತಿರಬೇಕು. ದಿನಕ್ಕೆ ಕಿಲೋ ತೂಕಕ್ಕೆ 50ರಿಂದ 150 ಮಿ.ಲೀ. ಸಹಜ.
* ಕುಡಿಯುವ ಪ್ರಮಾಣ ಒಮ್ಮೆಗೇ ಅರ್ಧಕ್ಕೆ ಇಳಿದರೂ ಇಮ್ಮಡಿಯಾದರೂ ಪಶುವೈದ್ಯರನ್ನು ಕಾಣಿ.
* 12 ಗಂಟೆ ಮೇವು ಅಥವಾ ಹಿಕ್ಕೆ ಇಲ್ಲದಿದ್ದರೆ ತುರ್ತು ಚಿಕಿತ್ಸೆ ಬೇಕು.
* ಮನುಷ್ಯರ ಔಷಧಿಗಳನ್ನು ಕೊಡಬೇಡಿ.
* ಮೊಲವನ್ನು ಮುಟ್ಟಿದ ಮೇಲೆ, ಗೂಡು ತೊಳೆದ ಮೇಲೆ ಮಕ್ಕಳು ಸೋಪಿನಿಂದ ಕೈ ತೊಳೆಯಲಿ. ಮೊಲದಿಂದ ಹುಳುಕಡ್ಡಿ ಹರಡಬಹುದು. ಕಚ್ಚಿದರೆ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸಿ.